ಉಪ್ಪುನೀರಿಗೆ ಬಿದ್ದ ಸಹಿ

ನಮ್ಮ ಕಾಲೇಜಿನ ಖೋ-ಖೋ ತಂಡದ ಹುಡುಗಿಯರು ಕೊನೆಯ ಪಂದ್ಯ ಮುಗಿದ ದಿನ ನನ್ನ ಬಿಳಿ ಜೆರ್ಸಿಯ ಬೆನ್ನಿನ ಮೇಲೆ ಸಹಿ ಹಾಕಿದರು. ಎಲ್ಲರೂ ಬಾಲ್‌ಪೆನ್ನಿನಲ್ಲಿ ಹಾಕಿದರೆ ನನ್ನ ಜೀವದ ಗೆಳತಿ ಮಾತ್ರ ನೇರಳೆ ಸ್ಕೆಚ್‌ಪೆನ್ ತೆಗೆದಳು. ಮೈದಾನದಲ್ಲಿ ಯಾರ ಕೈಗೂ ಸಿಗದೆ ಓಡುತ್ತಿದ್ದವಳು. ಸಹಿಯೂ ಹಾಗೇ, ಮೊದಲ ಅಕ್ಷರದಿಂದ ಹೊರಟ ಗೆರೆ ಎಲ್ಲರ ಹೆಸರಿನ ಕೆಳಗೆ ನುಸುಳಿ ತೋಳಿನ ಹೊಲಿಗೆಯ ಹತ್ತಿರ ಹೋಗಿ ನಿಂತಿತು.

ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದರೆ ಉಳಿಯುತ್ತಿತ್ತು. ನನಗೆ ಜಂಬ. ಕುರುಬರಹಳ್ಳಿಯಲ್ಲಿ ಮನೆ ಕಟ್ಟಿದ ಮೇಲೆ ಅದಕ್ಕೆ ಗಾಜಿನ ಫ್ರೇಮ್ ಹಾಕಿಸಿ, ಬಂದವರಿಗೆಲ್ಲ ಕಾಣಲೆಂದು ಪಶ್ಚಿಮದ ಕಿಟಕಿಯ ಎದುರಿಗೇ ನೇತುಹಾಕಿದೆ. ಮಧ್ಯಾಹ್ನದ ಬಿಸಿಲು ದಿನಾ ಅದರ ಮೇಲೇ ಬೀಳುತ್ತಿತ್ತು. ನಾನು ಗಾಜಿನ ಧೂಳು ಒರೆಸಿದ್ದೇ ಒರೆಸಿದ್ದು, ಒಳಗೆ ಬಣ್ಣ ಹೋಗುತ್ತಿರುವುದನ್ನು ನೋಡಲೇ ಇಲ್ಲ.

ಹೋದ ವರ್ಷ ಗೆಳತಿ ತೀರಿಕೊಂಡಳು. ತಿಂಗಳು ಕಳೆದ ಮೇಲೆ ಕೆಂಗೇರಿಯಿಂದ ಅವಳ ಮಗಳು ಫೋನ್ ಮಾಡಿದಳು.

"ಆಂಟಿ, ಅಮ್ಮ ಸೈನ್ ಮಾಡಿರೋ ಜೆರ್ಸಿ ನಿಮ್ಮತ್ರ ಇದ್ಯಂತಲ್ಲ? ನಾನು ಚಿಕ್ಕವಳಿದ್ದಾಗ್ಲಿಂದ ಅಮ್ಮನ ಕೈ ನಡುಗ್ತಿತ್ತು. ಕೊನೆಗೆ ಬ್ಯಾಂಕಲ್ಲೂ ಹೆಬ್ಬೆಟ್ಟೇ. ಚೆನ್ನಾಗಿದ್ದಾಗ ಹಾಕಿದ್ದು ಒಂದ್ಸಲ ನೋಡ್ಬೇಕು."

"ಭಾನುವಾರ ಬಾಮ್ಮ. ಜೋಪಾನವಾಗಿ ಇಟ್ಟಿದೀನಿ," ಅಂದುಬಿಟ್ಟೆ.

ಫೋನ್ ಇಟ್ಟು ಫ್ರೇಮಿನ ಮುಂದೆ ನಿಂತು ಸರಿಯಾಗಿ ನೋಡಿದೆ. ಬಾಲ್‌ಪೆನ್ನಿನವು ಮಸುಕಾಗಿಯಾದರೂ ಇದ್ದವು. ಅವಳದು ಕಣ್ಣು ಕಿರಿದು ಮಾಡಿ ಹುಡುಕಿದರೆ ಕಾಣುವಷ್ಟು ಮಾತ್ರ ಉಳಿದಿತ್ತು.

ಫ್ರೇಮಿನಿಂದ ಜೆರ್ಸಿ ತೆಗೆದುಕೊಂಡು ರಸ್ತೆ ಕೊನೆಯ ಲಾಂಡ್ರಿಗೆ ಓಡಿದೆ. ಇಸ್ತ್ರಿಯ ಬಿಸಿಗೆ ಬಣ್ಣ ಕೂರುತ್ತದೆಯೇ ಎಂದು ಕೇಳಿದೆ.

"ಅಯ್ಯೋ ಬೇಡಿ ಅಕ್ಕ. ಹಳೇ ಪಂಚೇಲಿ ಸುತ್ತಿ ಬೀರುನಲ್ಲಿ ಇಟ್ಬಿಡಿ, ಇರೋದಾದ್ರೂ ಉಳಿಯುತ್ತೆ," ಅಂದ ಲಾಂಡ್ರಿಯವನು.

ಒಳ್ಳೆ ಮಾತು ಕೇಳುವ ಜಾಯಮಾನ ನನ್ನದಲ್ಲ. ಹೊಸ ಸೀರೆಯನ್ನು ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ ಎಂದು ನನ್ನಮ್ಮ ಕಲಿಸಿದ್ದಳು. ಮೂವತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ. ಸೀರೆಗೆ ಆಗುವುದು ಸಹಿಗೆ ಯಾಕೆ ಆಗಬಾರದು? ಶನಿವಾರ ಬೆಳಿಗ್ಗೆ ಬಕೆಟ್ ನೀರಿಗೆ ಎರಡು ಹಿಡಿ ಕಲ್ಲುಪ್ಪು ಹಾಕಿ ಜೆರ್ಸಿ ಅದ್ದಿದೆ.

ಕೈ ತೆಗೆಯುವ ಮೊದಲೇ ಉಳಿದಿದ್ದ ನೇರಳೆ ಬಣ್ಣವೂ ನೀರಿನಲ್ಲಿ ಬಿಟ್ಟುಕೊಂಡಿತು. ತಕ್ಷಣ ಎತ್ತಿದೆ. ಟವೆಲ್ಲಿನಿಂದ ಒತ್ತಿದೆ, ಒತ್ತಿದಷ್ಟೂ ಟವೆಲ್ಲಿಗೇ ಹತ್ತಿತು. ಫ್ಯಾನಿನ ಕೆಳಗೆ ಹಿಡಿದುಕೊಂಡು "ನಿಲ್ಲೇ, ನಿಲ್ಲೇ" ಎಂದು ಹುಚ್ಚಿಯ ಹಾಗೆ ಕೂಗಿದೆ. ಬದುಕಿದ್ದಾಗಲೇ ಅವಳು ಯಾರ ಮಾತಿಗೂ ನಿಂತವಳಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಒಣಗಿದಾಗ ಸಹಿಯಿದ್ದ ಜಾಗದಲ್ಲಿ ಒಂದು ಕಲೆ ಇತ್ತು, ಅಷ್ಟೇ. ಬಚ್ಚಲುಮನೆಯಲ್ಲಿ ಕೂತು ಅತ್ತೆ. ಅವಳು ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಒಂದು ವಿಷಯ ನೆನಪಾಯಿತು. ಬೆಳಗಿನ ಅಭ್ಯಾಸಕ್ಕೆ ಅವಳ ಬಸ್ಸು ತಡವಾದಾಗಲೆಲ್ಲ ಹಾಜರಿ ಪುಸ್ತಕದಲ್ಲಿ ಅವಳ ಸಹಿ ಹಾಕುತ್ತಿದ್ದವಳು ನಾನೇ. ಮೇಷ್ಟ್ರಿಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

ಮತ್ತೆ ಲಾಂಡ್ರಿಗೆ ಹೋದೆ. ಬಟ್ಟೆ ಯಾರದೆಂದು ಗುರುತು ಹಾಕುವ ಕಪ್ಪು ಪೆನ್ನು ಕೇಳಿದೆ.

"ಎಷ್ಟು ಒಗೆದ್ರೂ ಹೋಗಲ್ಲ ಅಕ್ಕ, ನೋಡ್ಕೊಂಡು ಬರೀರಿ," ಅಂದು ಕೊಟ್ಟ.

ಹಳೆ ಪೇಪರಿನ ಮೇಲೆ ಬರೆದು ನೋಡಿದೆ. ಕೈ ಮರೆತಿರಲಿಲ್ಲ. ಉಸಿರು ಬಿಗಿಹಿಡಿದು ಕಲೆಯ ಮೇಲೆ ಬರೆದೆ, ಗೆರೆಯನ್ನು ತೋಳಿನ ಹೊಲಿಗೆಯವರೆಗೂ ಎಳೆದೆ.

ಭಾನುವಾರ ಗೆಳತಿಯ ಮಗಳು ಬಂದಳು. ಸೋಫಾ ಬಿಟ್ಟು ನೆಲದ ಮೇಲೆ ಕೂತು ಜೆರ್ಸಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಮೊದಲ ಅಕ್ಷರದಿಂದ ಶುರು ಮಾಡಿ ಗೆರೆಯ ಕೊನೆಯವರೆಗೂ ಬೆರಳು ಆಡಿಸಿದಳು. ಕೊನೆಗೆ ತಲೆ ಎತ್ತಿದಳು. ಕಣ್ಣು ತುಂಬಿತ್ತು.

"ಅಮ್ಮನ ಕೈ ಇಷ್ಟು ಗಟ್ಟಿಯಾಗಿತ್ತಾ ಆಂಟಿ?"

ಆಗಲೇ ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ.

"ಹೂಂ ಕಣಮ್ಮ," ಅಂದೆ.

ತೆಗೆದುಕೊಂಡು ಹೋಗಲೇ ಎಂದು ಕೇಳಿದಳು. ಬೇಡವೆನ್ನಲು ನನಗೆ ಯಾವ ಮುಖವಿತ್ತು? ಬಿಸಿಲು ತಾಗಿಸಬೇಡ, ನೀರು ಮುಟ್ಟಿಸಬೇಡ, ಹಳೆ ಪಂಚೆಯಲ್ಲಿ ಸುತ್ತಿಡು ಎಂದು ದೊಡ್ಡ ತಿಳಿದವಳ ಹಾಗೆ ಬುದ್ಧಿ ಹೇಳಿ ಕಳಿಸಿದೆ. ಅವತ್ತಿನಿಂದ ಆ ಗೋಡೆಯ ಕಡೆ ನೋಡಲು ನನಗೆ ಆಗುವುದಿಲ್ಲ. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟಿದ್ದೇನೆ.

ಮೊನ್ನೆ ಅವಳೇ ಮಾಡಿದಳು. ದನಿಯಲ್ಲಿ ಖುಷಿ.

"ಆಂಟಿ, ನೀವು ಹೇಳ್ದಂಗೇ ಇಟ್ಟಿದೀನಿ. ಆದ್ರೂ ಬೇರೆಯವರದ್ದೆಲ್ಲ ಮಾಸ್ತಾ ಇದೆ. ಅಮ್ಮಂದು ಮಾತ್ರ ಒಂಚೂರೂ ಹೋಗಿಲ್ಲ!"

ಹೋಗುವುದಿಲ್ಲ. ಲಾಂಡ್ರಿಯವನು ಮೊದಲೇ ಹೇಳಿದ್ದ.