ಅಳಿಯನನ್ನು ಬೇಟೆಗಾರ ಮಾಡಲು ಹೋಗಿ

ಜಿಂಕೆ ಹೊಡೆಯುವ ವಿದ್ಯೆಯನ್ನು ನಾನು ಕಲಿತದ್ದು ಒಮಾನಿನ ಅಲ್ ಹೈಲಿನಲ್ಲಿ, ಮಗಳ ಅಡುಗೆಮನೆಯಲ್ಲಿ, ಬೆಂಡೆಕಾಯಿ ಹೆಚ್ಚುತ್ತಾ, ಅವಳ ಹಳೇ ಮೊಬೈಲು ನೋಡಿ. ಗಾಳಿ ಎತ್ತಲಿಂದ ಬೀಸಿದರೆ ಎಲ್ಲಿ ಅಡಗಬೇಕು, ಮರದ ಮೇಲೆ ಅಟ್ಟ ಕಟ್ಟಿ ಹೇಗೆ ಕೆಮ್ಮದೆ ಕೂರಬೇಕು, ಎಲ್ಲ ಹೇಳಬಲ್ಲೆ. ಹತ್ತುವುದು ಮಾತ್ರ ಕೇಳಬೇಡಿ. ಸ್ಟೂಲು ಹತ್ತಿ ಮೆಣಸಿನ ಡಬ್ಬ ಇಳಿಸಲಿಕ್ಕೂ ನನ್ನ ಮಂಡಿ ಬಿಡುವುದಿಲ್ಲ.

ಇದನ್ನೆಲ್ಲ ನನ್ನ ತಲೆಗೆ ಕಟ್ಟಿದವರು ಅಳಿಯ. ಅವರ ಆಫೀಸಿನ ದೊಡ್ಡ ಸಾಹೇಬ ಅಮೆರಿಕದವ. ಅವನಿಗೆ ಅವನ ಊರಿನ ಬಿಳಿಬಾಲದ ಜಿಂಕೆಯ ಹುಚ್ಚು. ಬೆಳಿಗ್ಗೆ ಬಂದವನೇ ಊರಲ್ಲಿ ಸೀಸನ್ ಶುರುವಾಯಿತಾ, ಅವನ ತಮ್ಮ ಎಷ್ಟು ಕವಲಿನ ಕೊಂಬಿನದ್ದನ್ನು ಹೊಡೆದ, ಇದೇ ಸುದ್ದಿ ಓದಿ ಹೇಳುತ್ತಾನಂತೆ. ಒಮಾನಿನಲ್ಲಿ ಬಂದೂಕು ಹಿಡಿದು ಹೊರಟರೆ ಸೀದಾ ಜೈಲು. ಹಾಗಾಗಿ ಇಲ್ಲಿ ಅವನ ಬೇಟೆಯೆಲ್ಲ ಬಾಯಲ್ಲೇ.

ಅದೇ ಹೊತ್ತಿಗೆ ದೂರದ ಇಬ್ರಿ ಅನ್ನುವ ಊರಿನ ಆಚೆ ಮರುಭೂಮಿಯಲ್ಲಿ ಕಂಪನಿಯ ಹೊಸ ಸೈಟು ಶುರುವಾಯಿತು. ಆಫೀಸಿನಿಂದ ಒಬ್ಬರು ಅಲ್ಲಿಗೆ ಹೋಗಲೇಬೇಕು. ನಮ್ಮ ಅಳಿಯನಿಗೆ ಹೋಗಲು ಮನಸ್ಸಿಲ್ಲ. ಮದುವೆಯಾದ ಮೇಲೂ ವರ್ಷಗಟ್ಟಲೆ ಗಂಡಸರ ಕ್ಯಾಂಪಿನಲ್ಲಿ ಬಂಕು ಮಂಚದ ಮೇಲೆ ಮಲಗಿದ ಮನುಷ್ಯ. ಈಗಷ್ಟೇ ಹೆಂಡತಿಯ ಜೊತೆ ಒಂದು ಮನೆ ಅಂತ ಆಗಿತ್ತು. ಮಗಳಿಗೆ ಕ್ಲಿನಿಕ್ಕಿನಲ್ಲಿ ಕೆಲಸ, ಅವಳು ಬಿಟ್ಟು ಹೋಗುವ ಹಾಗಿಲ್ಲ. ಇವರು ಹೋದರೆ ಮತ್ತೆ ಆಚೆಗೊಬ್ಬರು, ಈಚೆಗೊಬ್ಬರು.

ಸಾಹೇಬನ ಮನಸ್ಸು ಗೆದ್ದರೆ ತಪ್ಪಿಸಿಕೊಳ್ಳಬಹುದು ಅಂತ ಲೆಕ್ಕ ಹಾಕಿ, ಒಂದು ದಿನ ಚಹಾದ ಹೊತ್ತಿನಲ್ಲಿ ಅಳಿಯ ಹೇಳಿಬಿಟ್ಟರಂತೆ: ನನ್ನ ಅತ್ತೆಯದು ತಲೆತಲಾಂತರದ ಬೇಟೆಗಾರರ ಮನೆತನ. ಸಾಹೇಬ ಕುರ್ಚಿ ಬಿಟ್ಟು ಎದ್ದನಂತೆ. ಶುಕ್ರವಾರ ಊಟಕ್ಕೆ ಬನ್ನಿ, ಅತ್ತೆಯನ್ನು ಬಿಟ್ಟು ಬರಬೇಡಿ ಅಂದನಂತೆ.

ನನ್ನ ಮನೆತನ ಎಂಥದ್ದು ಗೊತ್ತುಂಟಾ? ಅಪ್ಪ ಉಡುಪಿಯಲ್ಲಿ ಹೋಟೆಲಿನ ಕಾವಲಿ ಮುಂದೆ ನಿಂತು ದೋಸೆ ಹೊಯ್ದವರು. ಅಣ್ಣ ಒಂದು ಸಲ ಯಾರದೋ ಹಿಂದೆ ಹಂದಿ ಬೇಟೆಗೆ ಹೋಗಿ, ಒಂದೇ ಚಪ್ಪಲಿಯಲ್ಲಿ ಓಡಿ ಬಂದ. ನಾನು ಹಿಡಿದದ್ದು ಗದ್ದೆಯ ಏಡಿ. ಅದೂ ಎಷ್ಟೋ ಸಲ ಏಡಿಯೇ ನನ್ನನ್ನು ಹಿಡಿದದ್ದು. ನಿಜವಾಗಿ ನನಗೆ ಬರುವ ವಿದ್ಯೆ ಒಂದೇ, ಸಂಬಂಧ ಕುದುರಿಸುವುದು. ಊರಿನಲ್ಲಿ ಯಾರ ಹುಡುಗನಿಗೆ ಹೆಣ್ಣು ಸಿಗದಿದ್ದರೂ ನನ್ನ ಜಗಲಿಗೇ ಬರುತ್ತಿದ್ದರು.

ಆ ವಾರವಿಡೀ ಮೊಬೈಲಿನಲ್ಲಿ ಜಿಂಕೆ. ಆ ವಿಡಿಯೋದವರು ಮೈವಾಸನೆ ಜಿಂಕೆಗೆ ಸಿಗಬಾರದು ಅಂತ ಬಟ್ಟೆಯನ್ನು ವಾಸನೆ ಇಲ್ಲದ ಸೋಪಿನಲ್ಲಿ ಒಗೆಯುತ್ತಾರೆ. ನಾನು ತಲೆಗೆ ಎಣ್ಣೆ, ಮಂಡಿಗೆ ನೋವಿನ ಮುಲಾಮು ಮೆತ್ತಿಕೊಂಡವಳು. ಕಾಡಿಗೆ ಹೋದರೆ ನನ್ನ ವಾಸನೆಗೆ ಜಿಂಕೆಯೇನು, ಮರವೂ ಜಾಗ ಬಿಟ್ಟೀತು.

ಶುಕ್ರವಾರ ಕೋರಿ ರೊಟ್ಟಿ, ಅದಕ್ಕೆ ಹಾಕುವ ಕೋಳಿ ಸಾರು ಕಟ್ಟಿಕೊಂಡು ಹೋದೆವು. ಸಾಹೇಬನ ಚಾವಡಿಯ ಗೋಡೆಯಲ್ಲಿ ಜಿಂಕೆಯ ತಲೆ, ಹತ್ತು ಕವಲಿನ ಕೊಂಬು, ಗಾಜಿನ ಕಣ್ಣು. ಅಳಿಯ ಬಾಯಿ ತುಂಬ ಹೊಗಳಿದರು. ನಾನು ಹತ್ತಿರ ಹೋಗಿ ಮೇಲೆ ಕೆಳಗೆ ನೋಡಿದೆ. ಬಿಳಿಬಾಲ ಅಂತ ಹೆಸರು, ಗೋಡೆಯಲ್ಲಿ ಬಾಲವೇ ಇಲ್ಲ. ಬಾಲ ಎಲ್ಲಿ ಅಂತ ಕೇಳು ಅಂದೆ ಮಗಳಿಗೆ. ಅವಳು ಕೇಳಿಯೇ ಬಿಟ್ಟಳು. ಸಾಹೇಬ ಹೊಟ್ಟೆ ಹಿಡಿದು ನಕ್ಕ. ಇಷ್ಟು ವರ್ಷದಲ್ಲಿ ಇದನ್ನು ಕೇಳಿದವಳು ನಾನೇ ಮೊದಲಂತೆ. ಅಲ್ಲಿಂದ ಮುಂದೆ ಗಾಳಿ, ಅಟ್ಟ, ವಾಸನೆ ಎಲ್ಲ ಒಪ್ಪಿಸಿದೆ. ಕೋರಿ ರೊಟ್ಟಿಯ ಖಾರಕ್ಕೆ ಅವನ ಮೂಗು ಸೋರುತ್ತಿತ್ತು, ಆದರೂ ತಲೆ ಆಡಿಸುತ್ತಿದ್ದ. ನನಗೆ ನನ್ನ ಮೇಲೆಯೇ ಅಭಿಮಾನ ಬಂತು. ಅಲ್ಲೇ ಕೆಟ್ಟದ್ದು.

ಆಮೇಲೆ ಸಾಹೇಬ ಅಳಿಯನ ಕಡೆ ಕೈ ತೋರಿಸಿ, ಇವನು ಹೇಗೆ, ಇವನಿಗೂ ಬೇಟೆಯ ಗುಣ ಉಂಟಾ ಅಂತ ಕೇಳಿದ.

ಹುಡುಗ ಹೇಗೆ ಅಂತ ಯಾರಾದರೂ ಕೇಳಿದರೆ ನನ್ನ ನಾಲಗೆಗೆ ಬೇರೆ ದಾರಿ ಗೊತ್ತಿಲ್ಲ. ಹೆಣ್ಣಿನ ಕಡೆಯವರ ಮುಂದೆ ಕೂತ ಹಾಗೆ ಶುರು ಮಾಡಿದೆ.

"ಚಿನ್ನದಂಥ ಹುಡುಗ. ಪೇಟೆಯ ಚಟ ಇಲ್ಲ. ಮಾತು ಕಡಿಮೆ. ಹಾಕಿದ್ದನ್ನು ಉಣ್ಣುತ್ತಾನೆ. ಬಿಸಿಲಾಗಲಿ ಚಳಿಯಾಗಲಿ, ಕೂರಿಸಿದಲ್ಲಿ ಒಬ್ಬನೇ ಕೂರುತ್ತಾನೆ. ಜನ ಬೇಕು ಅಂತಲೇ ಇಲ್ಲ."

ಗಂಡನ ಹೊಗಳಿಕೆ ಅಲ್ವಾ, ಮಗಳು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಹಾಕಿದಳು. ಅಳಿಯ ತಟ್ಟೆ ಹಿಡಿದು ನಿಂತಲ್ಲೇ ನನ್ನನ್ನು ನೋಡಿದರು. ಖುಷಿಯಾಗಿರಬೇಕು ಅಂದುಕೊಂಡು, ದೂರದ ಜಾಗ ಅಂದರೆ ಪ್ರಾಣ ಅಂತ ಇನ್ನೊಂದು ಸೇರಿಸಿದೆ.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಸಂಜೆ ಅಳಿಯ ಆಫೀಸಿನಿಂದ ಒಂದು ದುರ್ಬೀನು ಹಿಡಿದುಕೊಂಡು ಮನೆಗೆ ಬಂದರು. ಸಾಹೇಬನ ಸ್ವಂತದ್ದು, ಉಡುಗೊರೆ. ನಿನ್ನಂಥವನನ್ನು ಇಷ್ಟು ದಿನ ಎ.ಸಿ. ರೂಮಿನಲ್ಲಿ ಕೂಡಿಹಾಕಿದ್ದು ನನ್ನ ತಪ್ಪು ಅಂತ ಹೇಳಿ, ಇಬ್ರಿಯ ಸೈಟಿಗೆ ಇವರ ಹೆಸರನ್ನೇ ಹಾಕಿದನಂತೆ.

ಅಳಿಯ ಕೂಗಾಡುವ ಜನ ಅಲ್ಲ. ಶೂಸು ಬಿಚ್ಚಿ, ನೀರು ಕುಡಿದು, ಮೆಲ್ಲಗೆ ಹೇಳಿದರು.

"ನಿಮ್ಮ ಕೈಗುಣ ದೊಡ್ಡದು ಅತ್ತೆ. ನನಗೆ ಎರಡನೇ ಮದುವೆಯನ್ನೂ ಮಾಡಿಸಿದಿರಿ. ಮರುಭೂಮಿ ಜೊತೆ."

ಮಗಳು ಎರಡು ದಿನ ನನ್ನ ಹತ್ತಿರ ಪಾತ್ರೆಗಳ ಮೂಲಕವೇ ಮಾತಾಡಿದಳು. ಮೂರನೇ ದಿನ, ಕೆಡಿಸಿದವಳು ನೀನೇ ಸರಿ ಮಾಡು ಅಂತ ಸಾಹೇಬನಿಗೆ ಫೋನು ಹಚ್ಚಿ ನನ್ನ ಮುಂದೆ ಹಿಡಿದಳು. ಮರ್ಯಾದೆ ಪಕ್ಕಕ್ಕಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮದು ಬೇಟೆಯ ಮನೆಯಲ್ಲ, ದೋಸೆಯ ಮನೆ, ಕಲಿತದ್ದೆಲ್ಲ ಮೊಬೈಲಿನಲ್ಲಿ, ಅಳಿಯನಿಗೆ ಹೆಂಡತಿ ಬಿಟ್ಟು ಇರಲಿಕ್ಕೆ ಆಗುವುದಿಲ್ಲ. ಮಗಳು ಅದನ್ನೂ ಒಂದು ಮಾತು ಬಿಡದೆ ಹೇಳಿದಳು. ಆ ಕಡೆಯಿಂದ ನಗು. ನಿಜವಾದ ಬೇಟೆಗಾರರು ಯಾವತ್ತೂ ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ, ನಿಮ್ಮ ಅಮ್ಮನನ್ನು ಕಂಡ ದಿನವೇ ನನಗೆ ಗೊತ್ತಾಗಿತ್ತು, ಅಂದನಂತೆ. ಸುಳ್ಳನ್ನು ಒಂದೇ ಊಟದಲ್ಲಿ ನಂಬಿದವ ನಿಜವನ್ನು ಏನು ಮಾಡಿದರೂ ನಂಬಲಿಲ್ಲ. ಖಲಾಸ್.

ಇಬ್ರಿಯಲ್ಲಿ ಅಡುಗೆಗೆ ಯಾರು ಅಂತ ಮಾತು ಬಂದಾಗ ಇಬ್ಬರೂ ನನ್ನ ಕಡೆ ನೋಡಿದರು. ಮಿಕ್ಸಿ, ಕುಚ್ಚಲಕ್ಕಿ, ಮುಲಾಮು ಕಾರಿಗೆ ಹಾಕಿಕೊಂಡು ಹೊರಟೆ.

ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ, ಅಳಿಯ ಇಬ್ಬರೇ. ಅವರು ಬೆಳಕು ಹರಿಯುವ ಮೊದಲೇ ಸೈಟಿಗೆ ಹೋಗುತ್ತಾರೆ, ಸಂಜೆ ಧೂಳು ಕೊಡವಿಕೊಂಡು ಬರುತ್ತಾರೆ, ಹಾಕಿದ್ದನ್ನು ತುಟಿ ಪಿಟಕ್ ಅನ್ನದೆ ಉಣ್ಣುತ್ತಾರೆ. ನಾನು ಸಾಹೇಬನಿಗೆ ಮಾರಿದ ಹುಡುಗನೇ ಬಂದು ಎದುರಿಗೆ ಕೂತ ಹಾಗೆ ಆಗುತ್ತದೆ. ಗುರುವಾರ ಮಧ್ಯಾಹ್ನ ರಜೆಗೆ ಮಗಳ ಹತ್ತಿರ ಅಲ್ ಹೈಲಿಗೆ ಹೊರಟಾಗ ಮಾತ್ರ ಬಾಯಿ ಬಿಡುವುದು. "ಯಲ್ಲಾ ಅತ್ತೆ, ಬೇಗ" ಅನ್ನುತ್ತಾರೆ, ನಾನು ಇನ್ನೂ ಚಪ್ಪಲಿ ಹಾಕುತ್ತಿರುವಾಗಲೇ ಗಾಡಿ ಶುರು ಮಾಡುತ್ತಾರೆ.