ನಾನು ನುಂಗಿದ ಮೈನಸ್

ನಂದಾ, ಆ ದಿನ ಗಣಿತದ ಸರ್ ಹೇಳಿದ್ದನ್ನು ನಾನು ನಿನಗೆ ಪೂರ್ತಿ ಹೇಳಲಿಲ್ಲ. ಮರೆತು ಅಲ್ಲ — ಬೇಕೆಂದೇ. ಲಂಬರೇಖೆಯ ಸಮೀಕರಣ ಬರೆಯಬೇಕಾದರೆ ಮೊದಲ ರೇಖೆಯ ಇಳಿಜಾರನ್ನು ತಲೆಕೆಳಗು ಮಾಡಬೇಕು, ಜೊತೆಗೆ ಅದರ ಚಿಹ್ನೆಯನ್ನೂ ಬದಲಿಸಬೇಕು ಎಂದು ಅವರು ಮರಾಠಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಮೊದಲಿನದನ್ನು ನಿನ್ನ ಕಿವಿಗೆ ಹಾಕಿ, ಎರಡನೆಯದನ್ನು ನುಂಗಿದೆ. ಆಮೇಲೆ ನೀನು ನನ್ನ ಅಣ್ಣನ ಹೆಂಡತಿಯಾಗಿ ಬಂದೆ. ಮಂದಿಯ ಮುಂದೆ ನಿನ್ನನ್ನು ವೈನಿ ಎನ್ನುತ್ತ, ನಿನ್ನ ಕೈಯ ಊಟ ಉಣ್ಣುತ್ತ, ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತಿರುಗಿದ್ದೇನೆ.

ನೀನು ವಾಗದರಿ ಹಳ್ಳಿಯಿಂದ ಬಂದವಳು, ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ನಾನು ಸೋಲಾಪುರದ ಕಾರಕೂನನ ಮಗಳು. ಮನೆಯಲ್ಲಷ್ಟೇ ಕನ್ನಡ, ಶಾಲೆಯೆಲ್ಲ ಮರಾಠಿ. ಹನ್ನೊಂದನೆಯಲ್ಲಿ ಗಣಿತದ ಸರ್ ಅರ್ಧ ಮರಾಠಿ, ಅರ್ಧ ಇಂಗ್ಲಿಷ್‌ನಲ್ಲಿ ಭರಭರನೆ ಹೇಳಿಕೊಂಡು ಹೋಗುತ್ತಿದ್ದರು. ಎದ್ದು ಕೇಳಲು ನಿನಗೆ ಧೈರ್ಯ ಇರಲಿಲ್ಲ. "ಸರ್ ಏನಂದ್ರಲೇ?" ಎಂದು ನನ್ನ ಮೊಣಕೈ ತಿವಿಯುತ್ತಿದ್ದೆ, ನಾನು ಪಿಸುಗುಟ್ಟುತ್ತಿದ್ದೆ. ನಾನು ಹೇಳಿದ್ದೇ ನಿನಗೆ ಸರ್ ಹೇಳಿದ್ದು.

ಆದರೆ ನನ್ನ ಬಾಯಿಂದ ಕೇಳಿ ನೀನು ನನಗಿಂತ ಮೊದಲೇ ಲೆಕ್ಕ ಬಿಡಿಸುತ್ತಿದ್ದೆ — ಅದನ್ನು ಸಹಿಸಲು ನನಗೆ ಆಗಲಿಲ್ಲ. ಒಮ್ಮೆ ಸರ್, "ಹೀ ಕಾನಡೀ ಪೋರಗೀ ಬಘಾ, ಕಿತೀ ಹುಶಾರ!" ಎಂದರು. ಈ ಕನ್ನಡದ ಹುಡುಗಿಯನ್ನು ನೋಡಿ, ಎಷ್ಟು ಜಾಣೆ ಎಂದು. ನೀನು ಗಾಬರಿಯಾಗಿ ನನ್ನ ಕಡೆ ತಿರುಗಿದೆ. "ನಿನ್ನ ಅಕ್ಷರ ಚಂದ ಅದಾವಂತ" ಎಂದೆ ನಾನು. ಛೀ! ಅಷ್ಟು ಸಣ್ಣ ಮನಸ್ಸು ನನ್ನದು. ಅಲ್ಲಿಂದ ಚಿಹ್ನೆ ನುಂಗುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. "ಇಳಿಜಾರು ಎರಡು ಇದ್ರ, ಲಂಬ ರೇಖಾದ್ದು ಅರ್ಧ. ಉಲ್ಟಾ ಮಾಡೂದು, ಅಷ್ಟ" ಎಂದುಬಿಟ್ಟೆ.

ಮುಂದಿನ ವಾರ ಸರ್ ನಿನ್ನನ್ನೇ ಹಲಗೆಗೆ ಕರೆದರು. y = 2x + 3 ರೇಖೆಗೆ ಲಂಬವಾಗಿ, (4, 1) ಬಿಂದುವಿನ ಮೂಲಕ ಹೋಗುವ ರೇಖೆ. ನೀನು ಒಂದೇ ಉಸಿರಿಗೆ y = x/2 − 1 ಎಂದು ಬರೆದೆ. ಸರ್ ಎರಡೂ ರೇಖೆ ಎಳೆದು ತೋರಿಸಿದರು — ಎರಡೂ ಒಂದೇ ಕಡೆಗೆ ವಾಲಿದ್ದವು. "ಹಾ ಲಂಬ ಆಹೇ ಕಾಯ?" ಇದು ಲಂಬವೇ? ವರ್ಗಕ್ಕೆ ವರ್ಗವೇ ನಕ್ಕಿತು. ಆಮೇಲೆ ಕರೆದದ್ದು ನನ್ನನ್ನು. ನಾನು ಮೈನಸ್ ಅರ್ಧ ಹಾಕಿ y = −x/2 + 3 ಎಂದು ಬರೆದೆ. ನಿನ್ನ ಎದುರಿಗೇ ಬರೆದೆ.

ಮೆಟ್ಟಿಲ ಹತ್ತಿರ ನೀನು ಕೇಳಿದೆ. ಸಿಟ್ಟಿರಲಿಲ್ಲ, ಬರೀ ಗೊಂದಲ. "ನೀ ಉಲ್ಟಾ ಮಾಡೂದು ಅಷ್ಟ ಅಂದಿದ್ದೆಲ್ಲ?"

"ನಾ ಎರಡೂ ಹೇಳಿದ್ನೆಲ್ಲಲೇ. ನೀನ ಮರ್ತಿ."

ನೀನು "ಹೌದಿರಬೇಕ" ಎಂದೆ.

ಚಿಹ್ನೆ ನುಂಗಿದ್ದನ್ನು ಹುಡುಗಿಯ ಹೊಟ್ಟೆಕಿಚ್ಚು ಎನ್ನಬಹುದೇನೋ, ಆದರೆ ಈ ಮಾತನ್ನು — ಇದಕ್ಕೆ ಏನು ಹೆಸರಿಡಲಿ? ದೀಪಾವಳಿಗಿಂತ ಮುಂಚೆಯೇ ನೀನು ಗಣಿತ ಬಿಟ್ಟೆ. ಮದುವೆಯಾಗಿ ಅಣ್ಣನ ಜೊತೆ ಅಕ್ಕಲಕೋಟೆ ಸೇರಿದ ಮೇಲೂ ನಿನಗೆ ನಿನ್ನ ಮೇಲೆ ನಂಬಿಕೆ ಬರಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ, ಕೀಲಿ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗುತ್ತೀ. ಮನೆಮಂದಿಯೆಲ್ಲ ಮರೆಗುಳಿ ಎಂದು ಚೇಷ್ಟೆ ಮಾಡುತ್ತಾರೆ, ಅವರ ಜೊತೆ ನಾನೂ ನಕ್ಕಿದ್ದೇನೆ. ಯಾರಾದರೂ ಗಣಿತದ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ಮೊನ್ನೆ ಶುಕ್ರವಾರ ನಿಮ್ಮ ಮನೆಗೆ ಬಂದಾಗ ನಿನ್ನ ಮಗಳು ಪೂರ್ವಾ ಕಾಲೇಜಿನ ಪರೀಕ್ಷೆಯ ಪೇಪರ್ ತಂದು ತೋರಿಸಿದಳು. ಹನ್ನೊಂದನೆಯ ಅದೇ ಪಾಠ, ಚಿಹ್ನೆಯೇ ತಪ್ಪಿತ್ತು. ಹುಡುಗರು ದಿನಾ ಮಾಡುವ ತಪ್ಪು ಅದು. ಮನೆಗಳ ನಕ್ಷೆ ಬರೆಯುವುದನ್ನು ಕಲಿಯಬೇಕು ಎಂದು ಆಸೆ ಇಟ್ಟುಕೊಂಡ ಹುಡುಗಿ, ಗಣಿತ ಇಲ್ಲದೆ ಆ ದಾರಿಯೇ ಇಲ್ಲ. ನೀನು ನಗುತ್ತ ಹೇಳಿದೆ: "ನನ್ನ ತಲೀನ ಬಂದೈತಿ ಇಕಿಗಿ. ನಿಮ್ಮತ್ತಿ ಕಿವ್ಯಾಗ ಹೇಳಿದ್ರೂ ನನಗ ನಿಂದರಲಿಲ್ಲ. ಗಣಿತ ಬಿಟ್ಟಬಿಡು ಪೂರ್ವಾ, ಸೋಮವಾರ ಹೋಗಿ ವಿಷಯ ಬದಲಿಸಾಕ ಅರ್ಜಿ ಕೊಡೂಣು." ಹುಡುಗಿ ನನ್ನ ಮುಖ ನೋಡಿದಳು — ಅತ್ತಿ ಏನಾದರೂ ಅಂದಾಳು ಎಂದು. ನಾನು ಚಹಾದ ಕಪ್ಪು ನೋಡುತ್ತ ಕೂತೆ.

ಅಂದಿನಿಂದ ಒಂದೇ ಲೆಕ್ಕ — ನಿಜ ಹೇಳಿದರೆ ಏನಾದೀತು? ಅಣ್ಣ ಏನೆಂದಾನು, ನೀನು ಮತ್ತೆ ಮನೆಗೆ ಬಾ ಎನ್ನುತ್ತೀಯೋ ಇಲ್ಲವೋ, ಪೂರ್ವಾ ನನ್ನನ್ನು ಅತ್ತಿ ಎಂದು ಕರೆದಾಳೋ ಇಲ್ಲವೋ... ನೋಡು, ಈಗಲೂ ನನ್ನದೇ ಚಿಂತೆ! ಹೆದರಬೇಕಾದದ್ದು ನಾಳೆಯ ಸೋಮವಾರಕ್ಕೆ. ನಿನ್ನ ತಲೆ ದಡ್ಡ ಎಂದು ನಾನು ನಂಬಿಸಿದೆ, ನೀನು ಮಗಳನ್ನು ನಂಬಿಸುತ್ತಿದ್ದೀ.

ಇವತ್ತು ಮುಂಜಾನೆ ಫೋನ್ ಮಾಡಿದೆ. "ನಂದಾ, ನಾ ಬರಾಕತ್ತೀನಿ. ಒಂದು ಮಾತು ಹೇಳೂದೈತಿ. ಪೂರ್ವಾನೂ ಮನ್ಯಾಗ ಇರಲಿ. ಅರ್ಜಿ ಮಾತ್ರ ಕೊಡಬ್ಯಾಡ್ರಿ."

ನೀನು ಅಂಜಿದ ದನಿಯಲ್ಲಿ ಕೇಳಿದೆ: "ಯಾಕವಾ, ನಾ ಮತ್ತ ಏನರೆ ಮರ್ತೀನೇನು?"

ನಾನು ಫೋನ್ ಇಟ್ಟುಬಿಟ್ಟೆ. ಈಗ ಅಕ್ಕಲಕೋಟೆ ಬಸ್ಸಿನಲ್ಲಿ ಕೂತಿದ್ದೇನೆ. ನೀನು ಬಾಗಿಲು ತೆಗೆದ ಕೂಡಲೇ, ಒಳಗೆ ಕಾಲಿಡುವ ಮೊದಲೇ, ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿನಗೆ ಸೇರಿದ್ದು.