ನಕ್ಷೆಯಲ್ಲಿ ಕಣವೇ ಇರಲಿಲ್ಲ

“ಇಲ್ಲೊಂದು ಸಹಿ ಮಾಡಿ ಸರ್” ಎಂದು ನಮಗೆ ಸಾಫ್ಟ್‌ವೇರ್ ಮಾಡಿಕೊಡಲು ಬಂದಿದ್ದ ಕಂಪನಿಯವರು ನಕ್ಷೆಯ ಹಾಳೆಯನ್ನು ನನ್ನತ್ತ ಸರಿಸಿದರು. ಗಂಗಾವತಿಯ ನಮ್ಮ ಅಕ್ಕಿ ಗಿರಣಿಯ ಕೆಲಸವೆಲ್ಲ ಅದರಲ್ಲಿ ಬರೀ ಚೌಕ, ಬಾಣ, ಇಂಗ್ಲಿಷ್ ಆಗಿತ್ತು. ಏನಿದು ಎಂದು ಕೇಳಿದರೆ, “ಇದು ನಮ್ಮ ಡೆವಲಪರ್‌ಗಳಿಗೆ ಸರ್, ನಿಮಗೆ ತಿಳಿಯಲ್ಲ” ಎಂದು ನಕ್ಕರು.

ಮೈ ಉರಿಯಿತು. ಅವರ ಕೈಗೆ ಸೀಮೆಸುಣ್ಣ ಕೊಟ್ಟು, ನೆಲದ ಮೇಲೆ ಚಿತ್ರ ಬಿಡಿಸಿ ತಿಳಿಸಿ ಎಂದೆ.

ಲಾರಿ, ತಕ್ಕಡಿ, ಗಿರಣಿ, ಅಕ್ಕಿ ಚೀಲ ಬಿಡಿಸಿದರು. ಭತ್ತ ಒಣಗಿಸುವ ಹುಲಿಗೆವ್ವ ಬಗ್ಗಿ ನೋಡಿದಳು. “ಅಲ್ರೀ ಸಾಹೇಬ್ರ, ಹಸಿ ಭತ್ತ ಹಂಗ ಗಿರಣಿಗೆ ಹಾಕ್ತೀರೇನು? ಎಲ್ಲಾ ನುಚ್ಚಾಗತೈತಿ! ಒಣಗಸೂ ಕಣ ಎಲ್ಲೈತ್ರಿ ಇದ್ರಾಗ?”

ಅವರ ನಗು ನಿಂತಿತು.

ಅವರ ಮೇಲಿನ ಸಿಟ್ಟು ಸಂಜೆಗೇ ಇಳಿಯಿತು. ಏನಿದು ಎಂದು ಕೇಳುವ ಮೊದಲೇ ಪೆನ್ನಿನ ಮುಚ್ಚಳ ತೆಗೆದಿದ್ದ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.